ಓಟಿಪಿ ಗೋವಾಕ್ಕೆ ಹೋಗುತ್ತದೆ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸುಮ್ನೆ ‘ಸಿಸ್ಟರ್’. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಇಲ್ಲಿಂದ ಕಾಣುತ್ತವೆ. ಗಾಳಿಗೆ ಬರವಿಲ್ಲ, ನೆಟ್‌ವರ್ಕಿಗೆ ಬರ.

30 ದಾಟಿದ ಎಲ್ಲರ ಬಿಪಿ, ಶುಗರ್ ನೋಡುವುದು ನಮ್ಮ ಕೆಲಸ. ಜೊತೆಗೆ ಆಭಾ ನಂಬರ್ ಮಾಡಿಸಬೇಕು, ಅಂದರೆ ಒಬ್ಬೊಬ್ಬರ ಆರೋಗ್ಯದ ದಾಖಲೆಗಳನ್ನು ಜೋಡಿಸಿಡುವ ಸರ್ಕಾರಿ ನಂಬರು. 14 ಅಂಕಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮೊದಲ ದಿನ ಬಂದ ಅಜ್ಜಿಯ ಓಟಿಪಿ ಗೋವಾಕ್ಕೆ ಹೋಯಿತು! ನಂಬರು ಅಲ್ಲಿ ಗಾರೆ ಕೆಲಸಕ್ಕೆ ಹೋದ ಮಗನದು. ಅವನಿಗೆ ಫೋನ್ ಹಚ್ಚಿದೆ.

‘ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಬಡಕೊಳ್ತಾರ. ನೀವ್ಯಾರ್ರೀ?’ ಅಂದವನೇ ಕಟ್ ಮಾಡಿದ.

ಅವನ ತಪ್ಪೇನಿದೆ? ಹೇಳಬೇಡಿ ಅಂತ ಕಲಿಸಿದವರೂ ನಾವೇ, ಈಗ ಹೇಳಿ ಅನ್ನುವವರೂ ನಾವೇ. ಅವತ್ತಿನಿಂದ ಮೊದಲು ಅವ್ವನ ಕೈಗೇ ಫೋನು ಕೊಡುತ್ತೇನೆ. ಅವರು ಊಟ, ಮಳೆ, ಉಳ್ಳಾಗಡ್ಡಿ ರೇಟು ಎಲ್ಲ ಮಾತಾಡಿ ಮುಗಿಸಿದ ಮೇಲೆ ನನ್ನ ಸರದಿ. ಆಗಲೂ ಬೇಡ ಅಂದರೆ ಬಿಟ್ಟುಬಿಡುತ್ತೇನೆ. ಆಭಾ ಕಡ್ಡಾಯವಲ್ಲ, ಅದಿಲ್ಲ ಅಂತ ಯಾರನ್ನೂ ಗುಳಿಗೆ ಕೊಡದೆ ಕಳಿಸಿಲ್ಲ.

ಇ-ಸಂಜೀವನಿಯ ಕಥೆ ಬೇರೆ. ಇಲ್ಲಿಂದ ವಿಡಿಯೋ ಹಚ್ಚಿದರೆ ಬೇರೆ ಊರಲ್ಲಿ ಕೂತ ಡಾಕ್ಟರ್ ಸಿಗುತ್ತಾರೆ, ಚೀಟಿಯೂ ಅಲ್ಲಿಂದಲೇ ಬರುತ್ತದೆ. ಗದಗಿಗೆ ಹೋಗಿಬರುವ ಬಸ್ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. ಜನ ಮುಗಿಬೀಳುತ್ತಾರೆ ಅಂದುಕೊಂಡರೆ ಬಂದವರು ಕೆಲವರೇ. ಬಂದ ಹೆಣ್ಣುಮಕ್ಕಳು ಸೆರಗು ಎಳೆದುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದರು. ಒಬ್ಬ ಅಜ್ಜ ಹೊರಗೆ ಹೋಗಿ ಹೇಳಿದ್ದು ನನ್ನ ಕಿವಿಗೂ ಬಿತ್ತು: ‘ಕೈ ಮುಟ್ಟಿ ನೋಡಲಿಲ್ಲ, ಅದೆಂಥಾ ಡಾಕ್ಟರು?’

ಆಗ ಕೆಲಸದ ಸರದಿಯನ್ನೇ ತಿರುಗಿಸಿದೆ. ಮೊದಲೆಲ್ಲ ಬಂದ ಕೂಡಲೇ ಫೋನು ಹಿಡಿಯುತ್ತಿದ್ದೆ. ಈಗ ಫೋನು ಕಪಾಟಿನಲ್ಲಿರುತ್ತದೆ. ಮೊದಲು ಬಿಪಿ ಪಟ್ಟಿ ಕಟ್ಟುತ್ತೇನೆ, ನಾಡಿ ಹಿಡಿಯುತ್ತೇನೆ, ಸ್ಟೆತಾಸ್ಕೋಪ್ ಇಟ್ಟು ಕೇಳುತ್ತೇನೆ. ಆಮೇಲೆ ವಿಡಿಯೋ. ಡಾಕ್ಟರಿಗೆ ಎಲ್ಲವನ್ನೂ ಜೋರಾಗಿ ಓದಿ ಹೇಳುತ್ತೇನೆ, ಪೇಷಂಟಿಗೂ ಕೇಳಲಿ ಅಂತ. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳುತ್ತೇನೆ. ಮುಟ್ಟಿದ ಕೈ ನನ್ನದು, ಚೀಟಿ ಡಾಕ್ಟರದು. ಅಷ್ಟಕ್ಕೇ ಜನ ಬರತೊಡಗಿದರು.

ಮಾತು ಅಂದರೆ ನೆನಪಾಯಿತು. ಒಂದು ಆ್ಯಪಿನಲ್ಲಿ ‘ಅಧಿಕ ರಕ್ತದೊತ್ತಡ’ ಅಂತ ಬರುತ್ತಿತ್ತು. ಓದಿ ಹೇಳಿದ್ದಕ್ಕೆ ಒಬ್ಬಾಕೆ ಖುಷಿಯಿಂದ ‘ಹಂಗಾರ ರಕ್ತ ಜಾಸ್ತಿ ಐತಿ, ಚಲೋ ಆತು ಬಿಡ್ರಿ’ ಅಂದರು. ಬಿಪಿ ಅಂದಿದ್ದರೆ ಸಾಕಿತ್ತು.

ಗುಳಿಗೆ ನೆನಪಿಸುವ ಅಲಾರಂ ಆ್ಯಪು ಪೂರ್ತಿ ಸೋತಿತು. ಹಾಕಿಕೊಟ್ಟಿದ್ದೆ ನಿಜ. ಆದರೆ ಅಲಾರಂ ಹೊಡೆಯುವಾಗ ಫೋನು ಮೊಮ್ಮಗನ ಕೈಯಲ್ಲಿ, ಅಜ್ಜಿ ಶೇಂಗಾ ಹೊಲದಲ್ಲಿ. ಅವನು ಆಟದ ನಡುವೆ ಒತ್ತಿ ಬಂದ್ ಮಾಡುತ್ತಿದ್ದ. ಆಮೇಲೆ ನಾನು ಅಲಾರಂ ಬಿಟ್ಟು ರೊಟ್ಟಿ ಹಿಡಿದೆ. ಬೆಳಗಿನ ಬಿಪಿ ಗುಳಿಗೆಯ ಡಬ್ಬಿ ಹಿಟ್ಟಿನ ಡಬ್ಬಿ ಪಕ್ಕ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ರೊಟ್ಟಿ ಬಡಿಯೋಕೆ ಹಿಟ್ಟು ತೆಗೆದಾಗ ಗುಳಿಗೆ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಉಳಿದದ್ದು ವಾಟ್ಸಾಪ್ ಒಂದೇ. ಗುಳಿಗೆ ಮುಗಿಯುವ ವಾರ ನಮ್ಮ ಆಶಾ ಕಾರ್ಯಕರ್ತೆ ದನಿ ಮೆಸೇಜ್ ಕಳಿಸುತ್ತಾಳೆ, ಹೆಸರು ಹಿಡಿದು, ಸ್ವಲ್ಪ ಬೈದು. ಅಕ್ಷರ ಬರದವರಿಗೂ ಬೈಗುಳ ತಿಳಿಯುತ್ತದೆ. ಮೊಮ್ಮಗ ಕೂಡ ಅದನ್ನು ಬಂದ್ ಮಾಡುವುದಿಲ್ಲ, ಅಜ್ಜಿ ಬೈಸಿಕೊಳ್ಳುವುದನ್ನು ಕೇಳೋಕೆ ಅವನಿಗೆ ಇಷ್ಟ.

ಓಟಿಪಿ ತೊಂದರೆ ಮಾತ್ರ ಪೂರ್ತಿ ಬಗೆಹರಿದಿಲ್ಲ. ನನ್ನ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಒಂದು ಪಟ್ಟಿಯಿದೆ. ಯಾರ ಮಗ ಯುಗಾದಿಗೆ ಬರುತ್ತಾನೆ, ಯಾರ ಮಗಳು ಪಂಚಮಿಗೆ, ಯಾರು ಜಾತ್ರೆಗೆ. ಹಬ್ಬದ ಮರುದಿನ ಬೆಳಿಗ್ಗೆ, ಅವರು ವಾಪಸ್ ಬಸ್ ಹತ್ತುವ ಮುಂಚೆ, ನಾನು ಟ್ಯಾಬ್ ಹಿಡಿದು ಅವರ ಕಟ್ಟೆಯ ಮೇಲೆ ಕೂತಿರುತ್ತೇನೆ.