ಮೋಟರ್‌ಹೋಮ್‌ನ ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದಾಗ

ಅಮೆರಿಕದಲ್ಲಿ ಮೋಟರ್‌ಹೋಮ್ (ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಯಂಥ ಗಾಡಿ) ಬಾಡಿಗೆಗೆ ಪಡೆದು ಹೊರಡುವವರು ಪೆಟ್ರೋಲ್ ಮುಳ್ಳಿಗಿಂತ ಟ್ರಿಪ್ ಮೀಟರನ್ನು (ಸೊನ್ನೆಗೆ ತಂದಲ್ಲಿಂದ ಓಡಿದ ದೂರ ತೋರಿಸುವ ಮೀಟರ್) ನಂಬುವುದು ಒಳ್ಳೆಯದು. ಟ್ಯಾಂಕಿನೊಳಗೆ ತೇಲುವ ಬೆಂಡಿನ ಸರಳು ಏರಿಳಿದಂತೆ ವಿದ್ಯುತ್ ರೋಧ ಬದಲಾಗುತ್ತದೆ. ಮುಳ್ಳು ತೋರಿಸುವುದು ಅಷ್ಟನ್ನೇ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಆ ಲೆಕ್ಕ ಕೆಟ್ಟಿತೆಂದೇ ತಿಳಿಯಿರಿ.

ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರನ್ನು ಸೊನ್ನೆಗೆ ತನ್ನಿ. ಮತ್ತೆ ಪೂರ್ತಿ ತುಂಬಿಸಿದಾಗ ಓಡಿದ ಮೈಲಿಗಳನ್ನು ಹಾಕಿಸಿದ ಗ್ಯಾಲನ್‌ಗಳಿಂದ ಭಾಗಿಸಿ; ಗ್ಯಾಲನ್ನಿಗೆ ಎಷ್ಟು ಮೈಲಿ ಎಂಬುದು ಸಿಗುತ್ತದೆ. ಫೋರ್ಡ್ ಇ-450 ಚಾಸಿಯ (ಗಾಡಿಯ ತಳಕಟ್ಟು) ಮೋಟರ್‌ಹೋಮ್‌ಗಳಲ್ಲಿ ಸಾಮಾನ್ಯವಾಗಿ 55 ಗ್ಯಾಲನ್ ಟ್ಯಾಂಕ್ ಇರುತ್ತದೆ. ಗ್ಯಾಲನ್ನಿಗೆ 8 ಮೈಲಿ, ಬಳಕೆಗೆ 40 ಗ್ಯಾಲನ್ ಎಂದಿಟ್ಟುಕೊಂಡರೆ 320 ಮೈಲಿ. ಎದುರುಗಾಳಿ, ಘಟ್ಟದ ಏರು ಇದ್ದರೆ ನಾನಂತೂ 250ಕ್ಕೇ ಬಂಕ್ ಹುಡುಕುತ್ತೇನೆ.

ಹಲವರು ಮರೆಯುವುದು ಜನರೇಟರನ್ನು. ಅದೂ ಇದೇ ಟ್ಯಾಂಕಿನಿಂದ ಕುಡಿಯುತ್ತದೆ. ರಾತ್ರಿಯಿಡೀ ಎಸಿ ಓಡಿಸಿದರೆ ಗ್ಯಾಲನ್‌ಗಟ್ಟಲೆ ಖಾಲಿ, ಆದರೆ ಟ್ರಿಪ್ ಮೀಟರಿಗೆ ಅದರ ಸುದ್ದಿಯೇ ಇಲ್ಲ. ಒಂದು ಅನುಕೂಲವೂ ಇದೆ: ಜನರೇಟರಿನ ಹೀರುಕೊಳವೆಯ ತುದಿ ಟ್ಯಾಂಕಿನ ತಳಕ್ಕಿಂತ ಎತ್ತರದಲ್ಲಿರುವುದರಿಂದ ಸುಮಾರು ಕಾಲು ಟ್ಯಾಂಕ್ ಉಳಿದಾಗ ಅದು ತಾನಾಗಿ ನಿಲ್ಲುತ್ತದೆ. ಮುಳ್ಳು ಅರ್ಧ ತೋರಿಸುತ್ತಿರುವಾಗ ಅದು ನಿಂತರೆ ಮೊದಲು ಪೆಟ್ರೋಲ್ ಹಾಕಿಸಿ, ಮೆಕ್ಯಾನಿಕ್ ಆಮೇಲೆ.

ನೆವಾಡಾದ 50ನೇ ಹೆದ್ದಾರಿಯಲ್ಲಿ ಫಾಲನ್‌ನಿಂದ ಆಸ್ಟಿನ್‌ಗೆ ಸುಮಾರು 110 ಮೈಲಿ, ನಡುವೆ ಬಹುತೇಕ ಬಯಲು. ಮುಳ್ಳು ಏನೇ ಹೇಳಲಿ, ಫಾಲನ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಮುಂದೆ ಹೋಗಿ.