ಲಾರಿಯ ಕೂಲೆಂಟ್ ಎಲ್ಲಿ ಹೋಗುತ್ತಿದೆ? ಹೆಡ್ ಎತ್ತುವ ಮುಂಚೆ ನೋಡಬೇಕಾದ್ದು

ಎಂಜಿನ್ ತಂಪಾಗಿಡುವ ಕೂಲೆಂಟ್ ಇಳಿಯುತ್ತಿದೆ ಅಂದ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ (ಸಿಲಿಂಡರ್ ಮುಚ್ಚುವ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್ ಕೆಟ್ಟಿದೆ) ಎನ್ನುವವರು ಬಹಳ. ಹೆಡ್ ಎತ್ತಿ, ಹೊಸ ಗ್ಯಾಸ್ಕೆಟ್ ಹಾಕಿ, ಲೋಡಿನ ಜೊತೆ ಶಿರಾಡಿ ಘಾಟಿ ಹತ್ತಿಸಿದರೆ ಮತ್ತೆ ಎರಡು ಲೀಟರ್ ಕಡಿಮೆ. ಖರ್ಚೂ ಹೋಯಿತು, ಬಾಡಿಗೆಯೂ ಹೋಯಿತು. ಕೂಲೆಂಟಿಗೆ ಹೋಗಲು ದಾರಿ ಇರುವುದು ಐದೇ: ನೆಲಕ್ಕೆ, ರೇಡಿಯೇಟರ್ ಅಥವಾ ಡಬ್ಬಿಯ ಕ್ಯಾಪಿನಿಂದ ಹೊರಕ್ಕೆ, ಬ್ರೇಕಿನ ಏರ್ ಟ್ಯಾಂಕಿಗೆ, ಎಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ, ಸೈಲೆನ್ಸರಿಗೆ. ಯಾವ ದಾರಿ ಎಂದು ಗೊತ್ತಾಗುವವರೆಗೆ ಹೆಡ್ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ.

ಮೊದಲು ಲೆಕ್ಕ. ಬೆಳಿಗ್ಗೆ ಎಂಜಿನ್ ಪೂರ್ತಿ ಆರಿರುವಾಗ, ಗಾಡಿ ಸಮತಟ್ಟಿನಲ್ಲಿ ನಿಂತಿರುವಾಗ, ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಕಿಲೋಮೀಟರ್ ಬರೆಯಿರಿ. ಆಮೇಲೆ ಹಾಕುವ ಪ್ರತಿ ಲೀಟರೂ ಅಳತೆ ಮಾಡಿಯೇ ಹಾಕಿ, ಬರೆದಿಡಿ. ಮ್ಯಾಕ್ಸ್ ಗೆರೆಯ ಮೇಲೆ ತುಂಬಿಸುವ ಅಭ್ಯಾಸವಿದ್ದರೆ ಬಿಡಿ. ಬಿಸಿಯಾಗಿ ಹಿಗ್ಗಿದಾಗ ಹೆಚ್ಚಾದದ್ದನ್ನು ಕ್ಯಾಪೇ ಹೊರಹಾಕುತ್ತದೆ, ಅದು ಸೋರಿಕೆಯಲ್ಲ. ಯಾವಾಗ ಇಳಿಯುತ್ತದೆ ಎಂಬುದು ಎಷ್ಟು ಇಳಿಯುತ್ತದೆ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ. ರಾತ್ರಿ ನಿಂತಲ್ಲೇ ಇಳಿದರೆ ಹೋಸ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸುತ್ತಲಿನ ರಬ್ಬರ್ ಓ ರಿಂಗ್, ಕೂಲೆಂಟಿನಿಂದ ಆಯಿಲ್ ತಂಪು ಮಾಡುವ ಆಯಿಲ್ ಕೂಲರ್ ಮೇಲೆ ಅನುಮಾನ. ಘಾಟಿಯಲ್ಲಿ ಮಾತ್ರ ಇಳಿದರೆ ಕ್ಯಾಪ್, ಫ್ಯಾನ್, ರೇಡಿಯೇಟರ್. ಇವು ಸರಿಯಿದ್ದರೆ ಕೂಲೆಂಟಿಗೆ ನುಗ್ಗುವ ಸಿಲಿಂಡರಿನ ಗ್ಯಾಸ್.

ಕ್ಯಾಪನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ಬೆಂಗಳೂರಿನಲ್ಲಿ ಅದರ ಕೆಲಸ ಇನ್ನೂ ಹೆಚ್ಚು. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಒತ್ತಡ ನಿಲ್ಲದಿದ್ದರೆ ಇಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದೇ ನೀರು 1 ಬಾರ್ ಒತ್ತಡ ಹಿಡಿಯುವ ಕ್ಯಾಪಿನ ಕೆಳಗೆ ಸುಮಾರು 118 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಕ್ಯಾಪಿನ ಮೇಲೆ ಒತ್ತಿರುವ ಅಂಕಿ ನೋಡಿ, ಟೆಸ್ಟರಿಗೆ ಹಾಕಿ ಅಷ್ಟು ಹಿಡಿಯುತ್ತದೆಯೇ ಪರೀಕ್ಷಿಸಿ. ರಬ್ಬರ್ ಸೀಲಿನಲ್ಲಿ ಬಿರುಕು ಇದ್ದರೆ ಯೋಚಿಸದೆ ಬದಲಿಸಿ. ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಕ್ಯಾಪಿನೊಳಗಿನ ಚಿಕ್ಕ ವ್ಯಾಕ್ಯೂಮ್ ವಾಲ್ವ್ ಅಂಟಿಕೊಂಡಿರುತ್ತದೆ. ಬಿಸಿ ಎಂಜಿನ್ನಿನ ಕ್ಯಾಪ್ ಬಟ್ಟೆ ಸುತ್ತಿ ತಿರುಗಿಸುವುದನ್ನು ದಯವಿಟ್ಟು ಮಾಡಬೇಡಿ. ಮುಖ, ಕೈ ಬೇಯುತ್ತದೆ. 50 ಡಿಗ್ರಿಗಿಂತ ಕೆಳಗೆ ಬರಲಿ.

ಪ್ರೆಶರ್ ಟೆಸ್ಟನ್ನು ನಸುಕಿನಲ್ಲೇ ಮಾಡಿ. ಜನವರಿಯ ಚಳಿಯಲ್ಲಿ ಹೋಸೂ ಕ್ಲಿಪ್ಪೂ ಕುಗ್ಗಿ ಜಿನುಗುತ್ತವೆ, ಎಂಜಿನ್ ಬಿಸಿಯಾದ ಮೇಲೆ ಕೂತುಕೊಂಡು ನಿಲ್ಲುತ್ತವೆ. ಹತ್ತು ಗಂಟೆಗೆ ಗಾಡಿ ತಂದರೆ ಏನೂ ಕಾಣುವುದಿಲ್ಲ. ಕೈಪಂಪಿನ ಟೆಸ್ಟರ್ ಹಾಕಿ, ಕ್ಯಾಪಿನ ಅಂಕಿಯಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡಿ. ಹೆಚ್ಚು ಕೊಟ್ಟರೆ ಚೆನ್ನಾಗಿರುವ ರೇಡಿಯೇಟರೂ ಒಡೆಯುತ್ತದೆ. ಮುಳ್ಳು ಇಳಿಯುತ್ತಿದ್ದರೆ ಟಾರ್ಚ್ ಹಿಡಿದು ಹುಡುಕಿ: ರೇಡಿಯೇಟರಿನ ಕೋರ್ ಮತ್ತು ಟ್ಯಾಂಕ್ ಸೇರುವ ಅಂಚು, ಥರ್ಮೋಸ್ಟಾಟ್ ಹೌಸಿಂಗ್, ಬ್ಲಾಕಿನ ತೂತು ಮುಚ್ಚುವ ವೆಲ್ಶ್ ಪ್ಲಗ್‌ಗಳು, ಹೀಟರ್ ಪೈಪುಗಳು, ವಾಟರ್ ಪಂಪ್. ಪಂಪಿನ ಹೊಟ್ಟೆಯ ಕೆಳಗೆ ಪೆನ್ಸಿಲ್ ತುದಿಯಷ್ಟು ತೂತು ಇರುತ್ತದೆ. ಅಲ್ಲಿ ಒಣಗಿದ ಕಲೆ ಮಾತ್ರ ಇದ್ದರೆ ಚಿಂತೆಯಿಲ್ಲ. ತೊಟ್ಟಿಕ್ಕುತ್ತಿದ್ದರೆ ಸೀಲ್ ಮುಗಿದಿದೆ. ಅದಕ್ಕೆ ಎಂ-ಸೀಲ್ ಮೆತ್ತಿದರೆ ನೀರು ಪಂಪಿನ ಬೇರಿಂಗಿಗೆ ಹೋಗುತ್ತದೆ.

ನೆಲ ಒಣಗಿದೆ ಎಂದರೆ ಹೊರಗೆ ಸೋರುತ್ತಿಲ್ಲ ಎಂದಲ್ಲ. ಬಿಸಿ ಬ್ಲಾಕಿನ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗಿ, ಹಸಿರು ಅಥವಾ ಗುಲಾಬಿ ಬಣ್ಣದ ಪುಡಿ ಮಾತ್ರ ಉಳಿಯುತ್ತದೆ. ಉಗುರಿನಲ್ಲಿ ಕೆರೆದು ನೋಡಿ. ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಯಲ್ಲಿ ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ದ್ರಾವಣ ಸೋರಿದರೂ ಹರಳು ಕಟ್ಟುತ್ತದೆ, ಆದರೆ ಅದು ಅಚ್ಚ ಬಿಳಿ, ನೀರು ಹಾಕಿದರೆ ಕರಗಿಹೋಗುತ್ತದೆ. ಯೂರಿಯಾ ಟ್ಯಾಂಕ್ ಬಿಸಿ ಮಾಡಲು, ಯೂರಿಯಾ ಇಂಜೆಕ್ಟರ್ ತಂಪಾಗಿಡಲು ಸಣ್ಣ ಕೂಲೆಂಟ್ ಪೈಪುಗಳು ಚಾಸಿಯ ಉದ್ದಕ್ಕೂ ಓಡುವ ಗಾಡಿಗಳಿವೆ. ಹಳೆಯ ಗಾಡಿಗಳಲ್ಲಿ ಇವು ಇರಲಿಲ್ಲ, ಹಾಗಾಗಿ ಅಲ್ಲಿ ಕಣ್ಣು ಹೋಗುವುದೇ ಇಲ್ಲ.

ಹೊರಗೆ ಏನೂ ಸಿಗದಿದ್ದರೆ ಏರ್ ಕಂಪ್ರೆಸರ್ ನೋಡಿ: ಬ್ರೇಕಿಗೆ ಗಾಳಿ ತುಂಬುವ ಇದನ್ನೂ ಎಂಜಿನ್ ಕೂಲೆಂಟೇ ತಂಪಾಗಿಡುತ್ತದೆ. ತಪ್ಪು ತೀರ್ಪು ಹೆಚ್ಚಾಗಿ ಆಗುವುದು ಇಲ್ಲೇ, ಏಕೆಂದರೆ ಕಂಪ್ರೆಸರ್ ಹೆಡ್ ಗ್ಯಾಸ್ಕೆಟ್ ಹೋದರೂ ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ, ಅದನ್ನೇ ಎಂಜಿನ್ ಹೆಡ್ಡಿನ ಗುಳ್ಳೆ ಎಂದುಕೊಳ್ಳುತ್ತಾರೆ. ಬೇರ್ಪಡಿಸುವುದು ಸುಲಭ. ಚಕ್ರಕ್ಕೆ ಕಟ್ಟೆ ಕೊಟ್ಟು, ಏರ್ ಟ್ಯಾಂಕ್ ಖಾಲಿ ಮಾಡಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಕೂಲೆಂಟ್ ಡಬ್ಬಿಯನ್ನೇ ನೋಡುತ್ತಿರಿ. ಏರ್ ತುಂಬುತ್ತಿರುವಾಗ ಗುಳ್ಳೆ ಬಂದು, ಟ್ಯಾಂಕ್ ತುಂಬಿದಾಗ ಏರ್ ತುಂಬುವುದನ್ನು ನಿಲ್ಲಿಸುವ ಗವರ್ನರ್ ‘ಪುಸ್’ ಎಂದು ಕಟ್ ಆದ ಕೂಡಲೇ ನಿಂತರೆ ಕಂಪ್ರೆಸರ್ರೇ. ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ ಏರ್ ಇಳಿಸಿ, ಮತ್ತೆ ಗುಳ್ಳೆ ಶುರುವಾಗುತ್ತದೆಯೇ ನೋಡಿದರೆ ಖಾತ್ರಿ. ಕಟ್ ಆದ ಮೇಲೂ ಗುಳ್ಳೆ ಹಾಗೇ ಬರುತ್ತಿದ್ದರೆ ಆಗ ಸಿಲಿಂಡರ್ ಕಡೆ ತಿರುಗಿ.

ಏರ್ ಟ್ಯಾಂಕಿನ ಡ್ರೇನ್‌ನಲ್ಲಿ ನೀರು ಬಂದರೆ ಅದು ಗಾಳಿಯ ತೇವವೂ ಆಗಿರಬಹುದು. ಒಂದು ತೊಟ್ಟನ್ನು ರಿಫ್ರಾಕ್ಟೋಮೀಟರ್ (ನೀರಿನಲ್ಲಿ ಕೂಲೆಂಟ್ ಎಷ್ಟಿದೆ ಎಂದು ತೋರಿಸುವ ಸಾಧನ) ಗಾಜಿನ ಮೇಲೆ ಹಾಕಿ. ಗೆರೆ ನೀರಿನ ಸೊನ್ನೆಯಲ್ಲೇ ನಿಂತರೆ ತೇವ, ಅದಕ್ಕಿಂತ ಸರಿದರೆ ಗ್ಲೈಕಾಲ್, ಅಂದರೆ ಕೂಲೆಂಟ್. ನಾಲಗೆಗೆ ಮುಟ್ಟಿಸಿ ‘ಸಿಹಿ ಇದೆ’ ಎನ್ನುವ ಪದ್ಧತಿ ಬೇಡ. ಎಥಿಲೀನ್ ಗ್ಲೈಕಾಲ್ ವಿಷ.

ಆಯಿಲ್ ಚೇಂಬರಿಗೆ ಹೋಗುತ್ತಿದೆಯೇ ತಿಳಿಯಲು ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಡ್ರೇನ್ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಿ, ಮೊದಲು ಬರುವ 200 ಮಿಲಿ ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಫಿಲ್ಲರ್ ಕ್ಯಾಪಿನ ಅಡಿಯಲ್ಲಿ ಮಾತ್ರ ಬಿಳಿ ಪೇಸ್ಟ್ ಕಂಡರೆ ಗಾಬರಿ ಬೇಡ. ಊರೊಳಗೆ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಟಿಪ್ಪರ್‌ಗಳಲ್ಲಿ ತೇವದಿಂದಲೇ ಅದು ಕಟ್ಟುತ್ತದೆ.

ನೀರು ಸಿಕ್ಕರೆ ಮುಂದಿನ ಪ್ರಶ್ನೆ: ಕೂಲೆಂಟ್ ಡಬ್ಬಿಯಲ್ಲಿ ಆಯಿಲ್ ತೇಲುತ್ತಿದೆಯೇ? ಎಂಜಿನ್ ಓಡುವಾಗ ಆಯಿಲ್ ಒತ್ತಡ ಕೂಲೆಂಟಿಗಿಂತ ಹೆಚ್ಚು, ಆದ್ದರಿಂದ ಆಯಿಲ್ ಕೂಲರ್ ತೂತಾದರೆ ಆಯಿಲ್ ಕೂಲೆಂಟಿಗೆ ಬರುತ್ತದೆ. ನಿಲ್ಲಿಸಿದ ಮೇಲೆ ಕೂಲೆಂಟ್ ಆಯಿಲಿಗೆ ಹೋಗುತ್ತದೆ. ಎರಡೂ ಕಡೆ ಬೆರೆತಿದ್ದರೆ ಮೊದಲು ಕೂಲರ್ ಬಿಚ್ಚಿ. ಆಯಿಲಿನಲ್ಲಿ ಮಾತ್ರ ನೀರಿದ್ದರೆ ಚೇಂಬರ್ ಇಳಿಸಿ, ಕೆಳಗೆ ಒಣ ರಟ್ಟು ಹಾಸಿ, ಮೇಲಿನಿಂದ ಪ್ರೆಶರ್ ಕೊಟ್ಟು ಕಾಯಿರಿ. ಲೈನರಿಗೂ ಬ್ಲಾಕಿಗೂ ನಡುವಿನಿಂದ ತೊಟ್ಟಿಕ್ಕಿದರೆ ಓ ರಿಂಗ್. ಲೈನರಿನ ಒಳಗಿನಿಂದ, ಪಿಸ್ಟನ್ ಪಕ್ಕದಲ್ಲಿ ಇಳಿದರೆ ಲೈನರ್ ತೂತು ಅಥವಾ ಮೇಲೆ ಗ್ಯಾಸ್ಕೆಟ್, ಹೆಡ್ ಬಿರುಕು. ಬರೀ ನೀರಿನಲ್ಲಿ ಓಡಿಸಿದ ಎಂಜಿನ್‌ಗಳಲ್ಲಿ ಲೈನರಿನ ಹೊರಮೈ ಸೂಜಿಯಲ್ಲಿ ಚುಚ್ಚಿದಂತೆ ಇರುತ್ತದೆ: ಲೈನರ್ ನಡುಗಿದಾಗ ಹುಟ್ಟುವ ಆವಿಯ ಗುಳ್ಳೆ ಒಡೆದು ಒಡೆದು ಕಬ್ಬಿಣ ಕೊರೆಯುತ್ತವೆ. ಅದನ್ನು ತಡೆಯುವುದು ಕೂಲೆಂಟಿನಲ್ಲಿರುವ ರಾಸಾಯನಿಕ.

ಸೈಲೆನ್ಸರಿನ ದಾರಿಯಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟಿನಿಂದ ತಂಪು ಮಾಡುವ ಭಾಗ) ಮೊದಲು. ಬಿಸಿಯಾದ ಮೇಲೂ ಬಿಳಿ ಆವಿ ನಿಲ್ಲದಿದ್ದರೆ, ಎಕ್ಸಾಸ್ಟ್ ಕಡೆಯ ಪೈಪ್ ಬಿಚ್ಚಿ ಒಳಗೆ ಒದ್ದೆ ಇದೆಯೇ ನೋಡಿ. ಕೂಲರ್ ಹೊರತೆಗೆದು ಗಾಳಿ ಕೊಟ್ಟು ಬಿಸಿನೀರಿನಲ್ಲಿ ಮುಳುಗಿಸಿ. ಸಿಲಿಂಡರಿಗೆ ಇಳಿಯುತ್ತಿದೆ ಎಂಬ ಅನುಮಾನವಿದ್ದರೆ ಸೆಲ್ಫ್ ಹೊಡೆಯುವ ಮುಂಚೆ ಎಂಜಿನ್ನನ್ನು ಬಾರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಕಚ್ಚಿ ನಿಂತರೆ ಒತ್ತಾಯ ಬೇಡ, ಒಳಗೆ ನೀರಿದೆ; ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಷ್ಟೂ ಸರಿಯಿದ್ದು, ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಾದರೆ ಹೆಡ್ ಎತ್ತಿ. ಗ್ಯಾಸ್ಕೆಟ್ ಒಂದನ್ನೇ ಬದಲಿಸಿ ಮುಚ್ಚಬೇಡಿ. ಹೆಡ್ಡಿನಲ್ಲಿ ಇಂಜೆಕ್ಟರ್ ಕೂರುವ ಸ್ಲೀವ್ ನೋಡಿ, ಹೆಡ್ಡನ್ನು ಬಿಸಿನೀರಿನಲ್ಲೇ ಪ್ರೆಶರ್ ಟೆಸ್ಟ್ ಮಾಡಿಸಿ. ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಬಿರುಕು ಬಿಸಿಗೆ ಬಾಯಿಬಿಡುತ್ತದೆ. ಲೈನರ್ ಬ್ಲಾಕಿನ ಮೇಲೆ ಎಷ್ಟು ಎದ್ದು ನಿಂತಿದೆ ಎಂದು ಡಯಲ್ ಗೇಜಿನಲ್ಲಿ ಅಳೆದು ಕಂಪನಿ ಮ್ಯಾನ್ಯುಯಲ್ಲಿನ ಅಳತೆಗೆ ಹೋಲಿಸಿ.

ಅರಿಶಿನದ ಪುಡಿ, ಲೀಕ್ ನಿಲ್ಲಿಸುವ ಪುಡಿ ಯಾವುದನ್ನೂ ಹಾಕಬೇಡಿ. ತೂತಿಗಿಂತ ಮೊದಲು ಆಯಿಲ್ ಕೂಲರಿನ ಸಣ್ಣ ದಾರಿಗಳು ಮುಚ್ಚುತ್ತವೆ. ತುಂಬಿಸುವಾಗ ಬೋರ್‌ವೆಲ್ ನೀರೂ ಬೇಡ, ಅದರ ಗಡಸು ಹೆಡ್ಡಿನೊಳಗೆ ಪದರ ಕಟ್ಟುತ್ತದೆ. ಕೂಲೆಂಟನ್ನು ಬ್ಯಾಟರಿಗೆ ಹಾಕುವ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ, ಏರ್ ಬಿಡುವ ಸ್ಕ್ರೂ ಸಡಿಲಿಸಿ ನಿಧಾನವಾಗಿ ಸುರಿಯಿರಿ. ಒಳಗೆ ಉಳಿದ ಗಾಳಿ ಹೊರಬರುವುದರಿಂದ ಮೊದಲ ಒಂದೆರಡು ಟ್ರಿಪ್‌ನಲ್ಲಿ ಮಟ್ಟ ಸ್ವಲ್ಪ ಇಳಿಯುತ್ತದೆ. ಅಷ್ಟನ್ನು ತುಂಬಿಸಿ, ಡಬ್ಬಿಯ ಮೇಲೆ ಹೊಸ ಗೆರೆ ಎಳೆದು, ಅಲ್ಲಿಂದ ಲೆಕ್ಕ ಶುರು ಮಾಡಿ.