ಹಡಗಿನ ಟೂರ್ ಕೊಳ್ಳದೆ ಕೆರಿಬಿಯನ್: ಯಾವ ಬಂದರು ಲಾಭ, ಯಾವುದು ದಂಡ

"ಹಡಗು ಬಿಟ್ಟು ಹೋಗಿಬಿಡುತ್ತೆ, ಆಮೇಲೆ ದ್ವೀಪದಲ್ಲೇ ಉಳೀಬೇಕಾಗುತ್ತೆ." ಹಡಗಿನವರು ಮಾರುವ ಟೂರ್ ಬೇಡ, ಊರಿನ ಬಸ್ಸೇ ಸಾಕು ಅಂದಾಗಲೆಲ್ಲ ಕೇಳಿಬಂದ ಮಾತು ಇದು. ಆರು ಕ್ರೂಸ್, ಹೆಚ್ಚುಕಡಿಮೆ ಇಪ್ಪತ್ತೈದು ನಿಲುಗಡೆ ಆದವು. ಒಂದು ಸಲವೂ ಹಡಗು ತಪ್ಪಿಲ್ಲ. ನಾಲ್ಕು ಜನಕ್ಕೆ, ನಾಲ್ಕು ಬಂದರಿಗೆ ಹಡಗಿನ ಟೂರ್ ತೆಗೆದುಕೊಂಡರೆ 900 ಡಾಲರ್ ದಾಟುತ್ತದೆ. ನನ್ನ ಲೆಕ್ಕದಲ್ಲಿ ಅದು 200ರ ಒಳಗೇ ಮುಗಿಯುತ್ತದೆ, ಊಟವೂ ಸೇರಿ. ಟಿಕೆಟ್, ಕ್ಯಾಬಿನ್ ವಿಷಯ ಇಲ್ಲಿಲ್ಲ. ಒಂದು ಸಲವಾದರೂ ಹೋಗಿ ಬಂದವರಿಗಾಗಿ ಇದನ್ನು ಬರೆದಿದ್ದೇನೆ.

ಬಂದರು ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಜನ ಹೇಳುವುದು ಬಹುಪಾಲು ಅಲ್ಲಿ ಸಿಕ್ಕ ಸಮಯದ ಮೇಲೆ. ಹಾಗಾಗಿ ನಾನು ಮೊದಲು ನೋಡುವುದು ನಿವ್ವಳ ನಿಮಿಷ. ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ ಅನ್ನೋಣ. ಕೆಳಗಿಳಿಯುವಷ್ಟರಲ್ಲಿ 8:45. ಎಲ್ಲರೂ ಹತ್ತಿರಬೇಕಾದ ಸಮಯ ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮೊದಲು, ಅಂದರೆ 4:30. ಅದಕ್ಕೂ ಒಂದೂವರೆ ಗಂಟೆ ಮೊದಲು ಬಂದರಿನ ಗೇಟಿನ ಹತ್ತಿರ ಇರಬೇಕು ಅನ್ನುವುದು ನನ್ನ ಕಟ್ಟುಪಾಡು. ಉಳಿಯುವುದು 375 ನಿಮಿಷ. ಒಂದು ದಿಕ್ಕಿನ ಪ್ರಯಾಣ ಇದರ ಐದನೇ ಒಂದು ಭಾಗ, ಅಂದರೆ 75 ನಿಮಿಷ ದಾಟುವ ಜಾಗವನ್ನು ಪಟ್ಟಿಯಿಂದ ತೆಗೆಯುತ್ತೇನೆ. ದೋಣಿಯಲ್ಲಿ ದಡ ಸೇರಬೇಕಾದ ಬಂದರಾದರೆ, ಅಂದರೆ ಟೆಂಡರ್ ಇದ್ದರೆ, ಮೊದಲೇ ಇನ್ನೊಂದು ಗಂಟೆ ಕಳೆಯಿರಿ. ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ. ನಾವು ತಡವಾದರೆ ಕಾಯುವುದಿಲ್ಲ. ಆ ಒಂದೂವರೆ ಗಂಟೆಯೇ ನಮ್ಮ ವಿಮೆ.

ಈ ಲೆಕ್ಕ ಮೊದಲು ಕೈಕೊಟ್ಟಿದ್ದು ಮೆಕ್ಸಿಕೊದ ದ್ವೀಪ ಕೊಜುಮೆಲ್‌ನಲ್ಲಿ, ಅದೂ ಗಡಿಯಾರದಿಂದ. ಅದಿರುವ ಕಿಂಟಾನಾ ರೂ ರಾಜ್ಯ 2015ರಿಂದ ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಂಡಿದೆ, ಅಮೆರಿಕದ ಹಾಗೆ ಬೇಸಿಗೆಯಲ್ಲಿ ಮುಳ್ಳು ಒಂದು ಗಂಟೆ ಮುಂದೆ ತಿರುಗಿಸುವುದಿಲ್ಲ. ಫ್ಲಾರಿಡಾದಿಂದ ಬೇಸಿಗೆಯಲ್ಲಿ ಹೋದರೆ ದಡದ ಗಡಿಯಾರ ಹಡಗಿಗಿಂತ ಒಂದು ಗಂಟೆ ಹಿಂದಿರುತ್ತದೆ. ಗ್ಯಾಲ್ವೆಸ್ಟನ್‌ನಿಂದ ಚಳಿಗಾಲದಲ್ಲಿ ಹೋದರೆ ಒಂದು ಗಂಟೆ ಮುಂದೆ. ಅಪಾಯ ಇರುವುದು ಮೊದಲನೆಯದರಲ್ಲಿ: ಫೋನು ತಾನಾಗೇ ದಡದ ಸಮಯಕ್ಕೆ ಬದಲಾಗಿ 3 ಗಂಟೆ ತೋರಿಸುವಾಗ ಹಡಗಿನಲ್ಲಿ 4 ಆಗಿರುತ್ತದೆ. ಬಂದರಿನಲ್ಲಿ ಯಾವ ಸಮಯ ಪಾಲಿಸುತ್ತಾರೆ ಅನ್ನುವುದನ್ನು ಹಿಂದಿನ ರಾತ್ರಿ ಹಡಗಿನವರು ಕೊಡುವ ಮರುದಿನದ ಕಾರ್ಯಕ್ರಮದ ಹಾಳೆಯಲ್ಲಿ ನೋಡಿ, ಕೈಗೆ ಒಂದು ಸಾದಾ ಮುಳ್ಳಿನ ಗಡಿಯಾರ ಕಟ್ಟಿ, ಅದನ್ನು ಮುಟ್ಟಲೇಬೇಡಿ. ಹತ್ತು ಡಾಲರಿನ ಗಡಿಯಾರ ಸಾಕು.

ಕೊಜುಮೆಲ್‌ನಿಂದ ಸ್ವಂತವಾಗಿ ಎದುರು ದಡದ ತುಲುಮ್ ಊರಿನ ಮಾಯಾ ಅವಶೇಷ ನೋಡುವ ಆಸೆಯನ್ನೂ ಬಿಡಿ. ಪ್ಲಾಯಾ ದೆಲ್ ಕಾರ್ಮೆನ್‌ಗೆ ಫೆರಿ 45 ನಿಮಿಷ, ಅಲ್ಲಿಂದ ಬಸ್ಸು ಒಂದು ಗಂಟೆ, ನಡುವೆ ಕಾಯುವುದು, ನಡೆಯುವುದು. ಎರಡೂವರೆ ಗಂಟೆ ಹೋಗಲಿಕ್ಕೇ ಬೇಕು. ನಾನು ಪ್ಲಾಯಾದಿಂದಲೇ ವಾಪಸ್ ತಿರುಗಿದೆ, ನಾಲ್ಕು ಜನರ ಫೆರಿ ದುಡ್ಡು ನೀರುಪಾಲು. ಕೊಜುಮೆಲ್ ದ್ವೀಪದ ಪಶ್ಚಿಮ ದಡವೇ ಸಾಕಷ್ಟಿದೆ. ನೀರಿಗಿಳಿದ ನೂರಡಿಯಲ್ಲೇ ಮೀನು ಕಾಣುತ್ತದೆ.

ಪಶ್ಚಿಮ ದಡ ಅಂದೆನಲ್ಲ, ಈ ವಿಷಯದ ತಿರುಳು ಅದೇ. ಕೆರಿಬಿಯನ್‌ನಲ್ಲಿ ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ. ಪೂರ್ವ ದಡದಲ್ಲಿ ಅಲೆ, ಒಳಸೆಳೆತ, ಜೊತೆಗೆ ಸರ್ಗಾಸಮ್ ಎಂಬ ಕಂದು ಪಾಚಿ. ಪಶ್ಚಿಮದಲ್ಲಿ ಕೆರೆಯ ಹಾಗೆ ನೀರು. ಬಾರ್ಬಡೋಸ್‌ನ ಬಾತ್‌ಶೀಬಾ ಪೂರ್ವಕ್ಕಿದೆ, ಚಿತ್ರಕ್ಕೆ ಚೆಂದ, ಈಜಲಿಕ್ಕಲ್ಲ. ಮೆಕ್ಸಿಕೊದ ಕೋಸ್ಟಾ ಮಾಯಾ ಬಂದರಿನ ಮಹಾವಾಲ್ ಊರು ಪೂರ್ವಕ್ಕೆ ಮುಖ ಮಾಡಿದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪಾಚಿ ದಡಕ್ಕೆ ಬಂದು ಕೊಳೆತು, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಬೀಚ್ ಕ್ಲಬ್ಬಿಗೆ ತಲೆಗೆ 60 ಡಾಲರ್ ಮೊದಲೇ ಕೊಟ್ಟು, ನೀರಿಗಿಳಿಯದೆ ಬಂದದ್ದು ನನ್ನ ಅತಿ ದುಬಾರಿ ತಪ್ಪುಗಳಲ್ಲೊಂದು. ಬೇಸಿಗೆಯಲ್ಲಿ ಆ ಬಂದರು ನನ್ನ ಪಟ್ಟಿಯ ತಳದಲ್ಲಿದೆ, ಜನವರಿಯಲ್ಲಿ ನಡುವೆ.

ಇದಕ್ಕೆ ತಿರುಗುಮುರುಗು ಗ್ರ್ಯಾಂಡ್ ಕೇಮನ್. ಸೆವೆನ್ ಮೈಲ್ ಬೀಚ್ ಪಶ್ಚಿಮಕ್ಕಿದೆ, ಸಾಧಾರಣ ದಿನ ಕನ್ನಡಿ. ಆದರೆ ಡಿಸೆಂಬರ್‌ನಿಂದ ಫೆಬ್ರವರಿಯಲ್ಲಿ ಅಮೆರಿಕದ ಕಡೆಯಿಂದ ಶೀತಗಾಳಿ ಇಳಿದಾಗ ವಾಯವ್ಯದಿಂದ ಅಲೆ ಬರುತ್ತದೆ. ಅಲ್ಲಿ ಕ್ರೂಸ್ ಹಡಗಿಗೆ ಕಟ್ಟೆ ಇಲ್ಲ, ಟೆಂಡರೇ ಗತಿ. 2025ರ ಏಪ್ರಿಲ್‌ನಲ್ಲಿ ಊರಿನವರೇ ಮತ ಹಾಕಿ ಕಟ್ಟೆ ಬೇಡ ಎಂದರು. ಅಲೆ ಎದ್ದರೆ ದಕ್ಷಿಣದ ಸ್ಪಾಟ್ಸ್‌ನಲ್ಲಿ ಇಳಿಸುತ್ತಾರೆ, ಅದೂ ಆಗದಿದ್ದರೆ ಹಡಗು ಮುಂದಕ್ಕೆ ಹೋಗುತ್ತದೆ. ಹೀಗಾಗಿ ಒಂದು ದೋಣಿಯವರಿಗೆ ಮುಂಗಡ ಕಟ್ಟಿದ 180 ಡಾಲರ್ ಹೋಯಿತು. ಈಗ ಟೆಂಡರ್ ಬಂದರಿಗೆ ಮುಂಗಡ ಕೊಡುವುದೇ ಇಲ್ಲ. 'ಹಡಗು ಬರದಿದ್ದರೆ ಹಣ ವಾಪಸ್' ಎಂದು ಬರಹದಲ್ಲಿ ಕೊಟ್ಟವರಿಗೆ ಮಾತ್ರ. ಕೆಳಗಿಳಿದ ಮೇಲೆ ಜಾರ್ಜ್‌ಟೌನ್‌ನಿಂದ ವೆಸ್ಟ್ ಬೇ ಕಡೆಗೆ ಹೋಗುವ ಮಿನಿಬಸ್ ಹಿಡಿಯಿರಿ, ಮೂರು ಡಾಲರ್ ಆಸುಪಾಸು. ಅಂಗಡಿಯ ಬೆಲೆಪಟ್ಟಿ ನೋಡುವಾಗ ಎಚ್ಚರ: ಕೇಮನ್ ಡಾಲರಿನಲ್ಲಿ 8 ಅಂದರೆ ಅಮೆರಿಕದ 10.

ಬೆಲೀಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಆಳವಿಲ್ಲದ್ದರಿಂದ ಹಡಗು ದಡದಿಂದ ಮೈಲುಗಟ್ಟಲೆ ದೂರ ನಿಲ್ಲುತ್ತದೆ, ಕಾಯುವುದೂ ಸೇರಿ ಹೋಗಿಬರುವುದಕ್ಕೇ ಎರಡು ಗಂಟೆ. ಗುಹೆ, ಮಾಯಾ ಅವಶೇಷ ಎಲ್ಲ ಒಳನಾಡಿನಲ್ಲಿ. ದೇಶ ಸುಂದರ, ಆದರೆ ಕ್ರೂಸಿನಲ್ಲಿ ನೋಡುವ ಜಾಗವಲ್ಲ.

ಬಹಾಮಾಸ್ ದೇಶದ ನಸಾವನ್ನು ಅತಿ ಕೆಟ್ಟ ಬಂದರು ಅನ್ನುವವರೇ ಹೆಚ್ಚು. ಬೇ ಸ್ಟ್ರೀಟಿನ ಅಂಗಡಿ ಸಾಲಿನಲ್ಲೇ ತಿರುಗಿದರೆ ನಿಜ. ಡೌನ್‌ಟೌನ್‌ನಿಂದ 10ನೇ ನಂಬರಿನ ಜಿಟ್ನಿ, ಅಂದರೆ ಊರಿನ ಮಿನಿಬಸ್, ಹತ್ತಿದರೆ ಕೇಬಲ್ ಬೀಚ್. ದುಡ್ಡು ಇಳಿಯುವಾಗ ಕೊಡಬೇಕು, ಚಿಲ್ಲರೆ ಇಟ್ಟುಕೊಂಡಿರಿ. ಕತ್ತಲಾದ ಮೇಲೆ ಆ ಬಸ್ಸು ನಂಬಬೇಡಿ. ಸುಣ್ಣಕಲ್ಲಿನಲ್ಲಿ ಗುಲಾಮರು ಕಡಿದ ಕ್ವೀನ್ಸ್ ಸ್ಟೇರ್‌ಕೇಸ್‌ಗೆ ಬಂದರಿನಿಂದ ನಡೆದೇ ಹೋಗಬಹುದು. ಬೆಳಿಗ್ಗೆ 9ರೊಳಗೆ ಹೋದರೆ ಎರಡೂ ಗೋಡೆಯ ನಡುವೆ ತಂಪು, ನಿಶ್ಶಬ್ದ. 11ಕ್ಕೆ ಹೋದರೆ ಜಾತ್ರೆ. ನಾಲ್ಕು ಜನಕ್ಕೆ ಇಡೀ ದಿನ 40 ಡಾಲರ್ ಆಯಿತು. ಕೆಟ್ಟ ಬಂದರು ಅಂತ ನಾನು ಒಪ್ಪುವುದಿಲ್ಲ.

ಜಮೈಕಾದಲ್ಲಿ ಮಾತ್ರ ಯಾವ ಬಂದರು ಅಂತ ಮೊದಲೇ ನೋಡಿ. ಡನ್ಸ್ ರಿವರ್ ಜಲಪಾತ ಓಚೋ ರಿಯೋಸ್‌ನಿಂದ ಮೂರು ಕಿಲೋಮೀಟರ್, ಫಾಲ್ಮತ್‌ನಿಂದ ಒಂದು ಗಂಟೆ ಆಸುಪಾಸು. ಪ್ರವೇಶ ತಲೆಗೆ ಸುಮಾರು 25 ಡಾಲರ್, ಹಿಡಿತವಿರುವ ನೀರಿನ ಬೂಟು ನಿಮ್ಮದೇ ಒಯ್ಯಿರಿ. ಟ್ಯಾಕ್ಸಿಗೆ ಕೆಂಪು ನಂಬರ್ ಪ್ಲೇಟ್ ಇರಬೇಕು. 'ರೂಟ್ ಟ್ಯಾಕ್ಸಿ' ಅಂದರೆ ಸೀಟಿನ ಲೆಕ್ಕ, 'ಚಾರ್ಟರ್' ಅಂದರೆ ಇಡೀ ಕಾರು. ಹತ್ತುವ ಮೊದಲೇ ಕೇಳದಿದ್ದರೆ ಐದು ಡಾಲರ್ ಐವತ್ತಾಗುತ್ತದೆ. ನನಗೆ ಆಗಿದೆ.

ಲಾಭದ ಬಂದರುಗಳಲ್ಲಿ ನನ್ನ ಮೊದಲ ಆಯ್ಕೆ ಬಾರ್ಬಡೋಸ್. ಬಂದರಿನಿಂದ ಬ್ರಿಡ್ಜ್‌ಟೌನ್ ದಾಟಿ ಕಾರ್ಲೈಲ್ ಬೇಗೆ ನಡೆದರೆ 35–40 ನಿಮಿಷ. ಅಲ್ಲಿ ಮುಳುಗಿದ ಹಳೆಯ ಹಡಗುಗಳು ಈಜಿ ತಲುಪುವಷ್ಟು ಹತ್ತಿರ; ಒಂದಂತೂ ಹತ್ತಡಿ ಆಳದಲ್ಲೇ ಇದೆ. ಆಮೆಗಳು ತಾವಾಗೇ ಬರುತ್ತವೆ, ಮುಟ್ಟಬೇಡಿ. ದೋಣಿಯವರು ಇದೇ ಜಾಗಕ್ಕೆ ತಲೆಗೆ 60–70 ಕೇಳುತ್ತಾರೆ. ಸ್ವಂತ ಮಾಸ್ಕ್ ಇದ್ದರೆ ಖರ್ಚು ಸೊನ್ನೆ. ಆಮೆ ಹೆಚ್ಚು ಬರುವ ಹೊತ್ತು ಮತ್ತು ಜಾಗ ಒಂದಿದೆ, ಅದನ್ನು ಬರೆಯುವುದಿಲ್ಲ. ಬರೆದರೆ ಅಲ್ಲೂ ದೋಣಿ ಸಾಲುಗಟ್ಟುತ್ತವೆ. ಬಸ್ಸಿಗೆ 3.50 ಬಾರ್ಬಡೋಸ್ ಡಾಲರ್, ಅಂದರೆ ಅಮೆರಿಕದ 1.75. ನೀಲಿ ಸರಕಾರಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ. ಹಳದಿ ಬಸ್ಸು ಮತ್ತು ಝಡ್‌ಆರ್ ಅನ್ನುವ ಬಿಳಿ ವ್ಯಾನಿನಲ್ಲಿ ಕೊಡುತ್ತಾರೆ.

ಅಮೆರಿಕದ ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್‌ನಲ್ಲಿ ಷಾರ್ಲಟ್ ಅಮಾಲಿ ಪೇಟೆಯ ಅಂಗಡಿ ಬಿಟ್ಟು ಪಕ್ಕದ ದ್ವೀಪ ಸೇಂಟ್ ಜಾನ್‌ಗೆ ಹೋಗಿ. ಊರಿನವರು ಹತ್ತುವ ತೆರೆದ ಸಫಾರಿ ಬಸ್ಸಿನಲ್ಲಿ ರೆಡ್ ಹುಕ್, ಅಲ್ಲಿಂದ ಫೆರಿ 20 ನಿಮಿಷ, ಎಂಟು ಡಾಲರ್ ಆಸುಪಾಸು, ಮುಂದೆ ಟ್ಯಾಕ್ಸಿಯಲ್ಲಿ ಟ್ರಂಕ್ ಬೇ ಬೀಚ್, ಪ್ರವೇಶ 5 ಡಾಲರ್. ಒಟ್ಟು 80 ನಿಮಿಷ, ನನ್ನ ಮಿತಿಯ ಅಂಚು ದಾಟುತ್ತದೆ. ಹಡಗು ಸಂಜೆ 6ರವರೆಗೆ ಇದ್ದರೆ ಮಾತ್ರ ಮಾಡಿ. ಫೆರಿ ಸಾಮಾನ್ಯವಾಗಿ ಗಂಟೆಗೊಂದು. ಒಂದು ತಪ್ಪಿದರೂ ಇನ್ನೊಂದರಲ್ಲಿ ಬರುವ ಹಾಗೆ ಲೆಕ್ಕ ಹಾಕಿ.

ಕುರಸಾವೊದ ವಿಲೆಮ್‌ಸ್ಟಾಡ್‌ಗೆ ಬಸ್ಸೂ ಬೇಡ. ಕಟ್ಟೆಯಿಂದ ಹದಿನೈದು ನಿಮಿಷ ನಡೆದರೆ 1888ರ ತೇಲುವ ಸೇತುವೆ, ಕ್ವೀನ್ ಎಮ್ಮಾ. ದೋಣಿಗಳ ಸಾಲಿನ ಮೇಲೆ ಹಲಗೆ ಹಾಸಿದ ಸೇತುವೆ ಅದು, ಕಾಲ ಕೆಳಗೆ ಮೆಲ್ಲಗೆ ತೂಗುತ್ತದೆ. ಗಂಟೆ ಬಾರಿಸಿ ಗೇಟು ಹಾಕಿದ ಮೇಲೆ ತುದಿಯಲ್ಲಿರುವ ಎಂಜಿನ್ ಇಡೀ ಸೇತುವೆಯನ್ನು ಬಾಗಿಲಿನ ಹಾಗೆ ಪಕ್ಕಕ್ಕೆ ಎಳೆಯುತ್ತದೆ. ಮೇಲೆ ಉಳಿದವರೂ ಅದರ ಜೊತೆ ಸಾಗುತ್ತಾರೆ. ಕಿತ್ತಳೆ ಬಾವುಟ ಏರಿಸಿದ್ದರೆ ಸೇತುವೆ ಬೇಗ ಮರಳಿ ದಡಕ್ಕೆ ಕೂಡುತ್ತದೆ, ನೀಲಿ ಬಾವುಟವಾದರೆ ಅದಕ್ಕೆ ಅರ್ಧ ಗಂಟೆಗೂ ಹೆಚ್ಚು. ನೀಲಿ ಕಂಡರೆ ಕಾಯಬೇಡಿ, ಪುಕ್ಕಟೆ ಫೆರಿ ಹಿಡಿಯಿರಿ. ಹಡಗಿಗೆ ಮರಳುವ ಹೊತ್ತಿನಲ್ಲಿ ಈ ಬಾವುಟ ಗೊತ್ತಿಲ್ಲದೆ ಕಂಗಾಲಾಗುವವರು ಬಹಳ.

ಪೋರ್ಟೊ ರಿಕೊದ ಸ್ಯಾನ್ ಹ್ವಾನ್‌ನ ಎರಡು ಕೋಟೆಗಳಿಗೂ ಸೇರಿ 10 ಡಾಲರ್ ಟಿಕೆಟ್. ಆದರೆ ಅನೇಕ ಹಡಗು ಸೇರುವುದು ಮಧ್ಯಾಹ್ನದ ನಂತರ, ಕೋಟೆ ಸಂಜೆಯೊಳಗೆ ಮುಚ್ಚುತ್ತದೆ. ಮಧ್ಯಾಹ್ನ 1ರೊಳಗೆ ತಲುಪದ ಹಡಗಾದರೆ ಬಂದರು ಅರ್ಧಕ್ಕೆ ಅರ್ಧ ದಂಡ.

ಸಸ್ಯಾಹಾರಿಗಳಿಗೆ ಒಂದು ಪ್ರಯೋಗದ ಫಲ. ನಮ್ಮವರು ಕಬ್ಬಿನ ಕೂಲಿಗೆ ಹೋದ ದ್ವೀಪಗಳಿಂದ ರೊಟ್ಟಿ ಉಳಿದೆಡೆಗೂ ಹಬ್ಬಿದೆ. ಬಾರ್ಬಡೋಸ್, ಗ್ರೆನಡಾ, ಸೇಂಟ್ ಲೂಸಿಯಾ ಮೂರರಲ್ಲೂ ತಿಂದು ನೋಡಿದೆ: ಬಟಾಣಿಬೇಳೆ ಪುಡಿ ತುಂಬಿದ ತೆಳು ರೊಟ್ಟಿಯೊಳಗೆ ಕಡಲೆಕಾಳು, ಆಲೂಗಡ್ಡೆ ಪಲ್ಯ. ಹೂರಣದ ಹದ ನಮ್ಮ ಹೋಳಿಗೆಯನ್ನೇ ನೆನಪಿಸುತ್ತದೆ, ಸಿಹಿ ಮಾತ್ರ ಇಲ್ಲ. 'ಚನ್ನಾ ಅಂಡ್ ಪೊಟೇಟೊ' ಅಂತ ಕೇಳಿ. ಟ್ರಿನಿಡಾಡ್‌ನಲ್ಲಿ 'ಡಬಲ್ಸ್' ಕೇಳಿ, ಕರಿದ ರೊಟ್ಟಿಯ ನಡುವೆ ಕಡಲೆಕಾಳು; ಖಾರ ಕಡಿಮೆ ಬೇಕಾದರೆ 'ಸ್ಲೈಟ್ ಪೆಪ್ಪರ್'. ನಮ್ಮ ಬ್ಯಾಡಗಿ ಖಾರ ತಿಂದ ಧೈರ್ಯ ಅಲ್ಲಿ ನಡೆಯುವುದಿಲ್ಲ. ಜಮೈಕಾದಲ್ಲಿ 'ಐಟಲ್' ಅಂಗಡಿ ಹುಡುಕಿ, ಮಾಂಸ ಇರುವುದಿಲ್ಲ.

ಚೀಲ ತುಂಬುವಾಗ ಸೈನಿಕರ ಚುಕ್ಕೆ ಬಟ್ಟೆ ಮನೆಯಲ್ಲೇ ಬಿಡಿ. ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾ, ಡೊಮಿನಿಕಾದಲ್ಲೆಲ್ಲ ಅದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಸೇರಿ. ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಅಮೆರಿಕದ ವರ್ಜಿನ್ ದ್ವೀಪಗಳಲ್ಲೂ ಅರೂಬಾದಲ್ಲೂ 2020ರಿಂದ ನಿಷಿದ್ಧ. ತುಂಬುತೋಳಿನ ಈಜುಡುಪೇ ಮೇಲು.

ಅಮೆರಿಕದಲ್ಲಿ ಎಚ್-1ಬಿಯಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪು ಮುಗಿದವರು ಇದನ್ನು ಎರಡು ಸಲ ಓದಿ. 30 ದಿನದೊಳಗೆ ಹಳೆ ಸ್ಟ್ಯಾಂಪಿನಲ್ಲೇ ಮರಳುವ ಸೌಲಭ್ಯ ನಿಮಗೆ ಕೆನಡಾ, ಮೆಕ್ಸಿಕೊಗೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೆ ಅದು ಸಿಗುವುದು ಎಫ್ (ವಿದ್ಯಾರ್ಥಿ), ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗಷ್ಟೆ. ಕೊಜುಮೆಲ್ ಮಾತ್ರ ಇರುವ ಕ್ರೂಸು ಬೇರೆ, ಅದರ ಜೊತೆ ಜಮೈಕಾ ಸೇರಿದ ಕ್ರೂಸು ಬೇರೆ.

ಎರಡು ಕಡೆ ಮಾತ್ರ ಇವತ್ತಿಗೂ ಹಡಗಿನ ಟೂರಿಗೇ ದುಡ್ಡು ಕೊಡುತ್ತೇನೆ. ಒಂದು ತುಲುಮ್. ಇನ್ನೊಂದು ಸೇಂಟ್ ಲೂಸಿಯಾದ ಸೂಫ್ರಿಯೆರ್: ಕ್ಯಾಸ್ಟ್ರೀಸ್‌ನಿಂದ ಒಂದೂವರೆ ಗಂಟೆ, ಚಾರ್ಮಾಡಿಯ ಹಾಗೆ ತಿರುವು, ಮಿನಿಬಸ್ ತುಂಬುವವರೆಗೆ ಹೊರಡುವುದಿಲ್ಲ. ವಾಪಸ್ ಬರುವಾಗ ಮಳೆಗೆ ಗುಡ್ಡದ ಮಣ್ಣು ರಸ್ತೆಗೆ ಇಳಿದಿದ್ದರೆ ನಿಮ್ಮ ಒಂದೂವರೆ ಗಂಟೆಯ ವಿಮೆ ಅಲ್ಲೇ ಮುಗಿಯುತ್ತದೆ. ಪಿಟನ್ ಬೆಟ್ಟಗಳನ್ನು ಸಮುದ್ರದ ಕಡೆಯಿಂದ ತೋರಿಸುವ ಕ್ಯಾಟಮರಾನ್ ಟೂರ್ ತಲೆಗೆ ನೂರು ಡಾಲರ್ ಆದರೂ ತೆಗೆದುಕೊಳ್ಳಿ, ಹೋಗುವಾಗ ಎಡಗಡೆ ಕೂರಿ. ದಡ ಇಡೀ ದಾರಿ ಆ ಕಡೆಗೇ ಇರುತ್ತದೆ.